ಲ್ಯಾಬಿನಲ್ಲಿ 10 ಕಂಪ್ಯೂಟರ್, ಕ್ಲಾಸಿನಲ್ಲಿ 58 ಮಕ್ಕಳು: ಗಣಿತಕ್ಕೆ ಹೇಗೆ ಬಳಸಲಿ?

ಕರಿಹಲಗೆ:

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಹದಿನಾಲ್ಕು ವರ್ಷದ ಸರ್ವೀಸು. ಕೇಳಬೇಕಾದದ್ದು ಚಿಕ್ಕದು, ಆದರೆ ಹಿನ್ನೆಲೆ ಸ್ವಲ್ಪ ಉದ್ದ ಇದೆ. ಬೇಜಾರಾಗಬೇಡಿ.

ನಮ್ಮಲ್ಲಿ ಕಂಪ್ಯೂಟರ್ ಲ್ಯಾಬ್ ಇದೆ. ಅಂದರೆ ಒಂದು ಕೋಣೆ ಇದೆ, ಅದರ ಬಾಗಿಲ ಮೇಲೆ ಹಾಗಂತ ಬರೆದಿದೆ. ಒಳಗೆ 10 ಕಂಪ್ಯೂಟರ್. ಗುತ್ತಿಗೆ ಇದ್ದಷ್ಟು ದಿನ ಒಬ್ಬ ಹುಡುಗ ಬಂದು ಮಕ್ಕಳಿಗೆ ಏನೋ ಹೇಳಿಕೊಡುತ್ತಿದ್ದ. ಗುತ್ತಿಗೆ ಮುಗಿಯಿತು, ಹುಡುಗ ಹೋದ, ಬೀಗ ಬಿತ್ತು. ಕೀಲಿ ನಮ್ಮ ಎಚ್‌ಎಂ ಸರ್ ಟೇಬಲ್ಲಿನ ಡ್ರಾಯರಿನಲ್ಲಿದೆ. ಅವರು ಕೆಟ್ಟವರೇನಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಅಷ್ಟೂ ಸಾಮಾನು ಅವರ ಹೆಸರಿಗಿದೆ. ಒಂದು ಮೌಸ್ ಕಳೆದರೂ ರಿಟೈರ್ ಆಗುವಾಗ ಅವರೇ ಲೆಕ್ಕ ಕೊಡಬೇಕು. ಹೆದರಿಕೆ ಇರುವುದು ಸಹಜ ಅಲ್ವಾ.

ಹೋದ ತಿಂಗಳು ಕಾಡಿ ಬೇಡಿ ಕೀಲಿ ತೆಗೆದುಕೊಂಡೆ. ಜೇಡರ ಬಲೆ, ಇಲಿ ಕಡಿದ ಎರಡು ಕೇಬಲ್ಲು, ಮೂಲೆಯಲ್ಲಿ ಬಿಸಿಯೂಟದ ತೂತುಬಿದ್ದ ಒಂದು ಪಾತ್ರೆ. 10ರಲ್ಲಿ 6 ಆನ್ ಆದವು. ಅವುಗಳಲ್ಲಿ ಒಂದು ಪ್ರತಿ ಸಲ ದಿನಾಂಕ ಕೇಳುತ್ತದೆ, ಕೊಟ್ಟರೆ ಮರುದಿನಕ್ಕೆ ಮರೆತಿರುತ್ತದೆ. ಉಳಿದ ನಾಲ್ಕರಲ್ಲಿ ಎರಡು ಬೀಪ್ ಬೀಪ್ ಅಂತ ಕೂಗುತ್ತವೆ, ಪರದೆ ಮಾತ್ರ ಕಪ್ಪು. ಇನ್ನೆರಡು ಅಲ್ಲಾಡುವುದೇ ಇಲ್ಲ. ಯುಪಿಎಸ್ ಬಗ್ಗೆ ಹೇಳುವುದು ಬೇಡ. ಕರೆಂಟು ಹೋದರೆ ಅದು ಅಳುತ್ತದೆ, ಅಷ್ಟೇ ಅದರ ಕೆಲಸ. ನೆಟ್ ಅಂದರೆ ನನ್ನ ಫೋನಿನ ಹಾಟ್‌ಸ್ಪಾಟ್.

ಒಂಬತ್ತನೇ ಕ್ಲಾಸಿನಲ್ಲಿ 58 ಮಕ್ಕಳಿದ್ದಾರೆ. ಪೀರಿಯಡ್ 40 ನಿಮಿಷ. ಸಾಲಾಗಿ ಕರೆದುಕೊಂಡು ಹೋಗಿ, ಚಪ್ಪಲಿ ಹೊರಗೆ ಬಿಡಿಸಿ (ದೇವರ ಕೋಣೆಗೂ ಇಷ್ಟು ಮಡಿ ಇಲ್ಲ, ಆದರೆ ಎಚ್‌ಎಂ ಸರ್ ಷರತ್ತು), ಕೂರಿಸಿ, ಆನ್ ಮಾಡುವಷ್ಟರಲ್ಲಿ 12 ನಿಮಿಷ ಹೋಗಿರುತ್ತದೆ.

ನನಗೆ ಕಂಪ್ಯೂಟರ್ ತೀರಾ ಹೊಸದಲ್ಲ. ಇಲಾಖೆಯ ಟಿಎಎಲ್‌ಪಿ (ಕಂಪ್ಯೂಟರ್ ಬಳಸಿ ಪಾಠ ಮಾಡುವ) ತರಬೇತಿಗೆ ಹೋಗಿದ್ದಾಗ ಉಬುಂಟು (ವಿಂಡೋಸ್ ಬದಲು ಹಾಕುವ ಪುಕ್ಕಟೆ ಲಿನಕ್ಸ್), ಜಿಯೋಜಿಬ್ರಾ (ಆಕೃತಿ ಬಿಡಿಸಿ ಎಳೆದಾಡಬಹುದಾದ ಗಣಿತದ ಸಾಫ್ಟ್‌ವೇರ್) ಎಲ್ಲ ಕಲಿತಿದ್ದೆ. ಅದರಿಂದ ಆದ ಮುಖ್ಯ ಪರಿಣಾಮ ಏನೆಂದರೆ, ಮಕ್ಕಳ, ಶಾಲೆಯ ಮಾಹಿತಿಯನ್ನು ಸರ್ಕಾರಕ್ಕೆ ತುಂಬಿಕೊಡುವ ಸ್ಯಾಟ್ಸ್ ಎಂಟ್ರಿ, ಯು-ಡೈಸ್, ಸ್ಕಾಲರ್‌ಶಿಪ್ ಅರ್ಜಿ ಅಷ್ಟೂ ನನ್ನ ತಲೆಗೆ ಬಂತು. 'ಮೇಡಂಗೆ ಕಂಪ್ಯೂಟರ್ ಬರುತ್ತೆ' ಅಂತ ಒಬ್ಬರು ಹೇಳಿದ ದಿನವೇ ನಾನು ಕೆಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ನನ್ನ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಹಾಕಿ ಜಿಯೋಜಿಬ್ರಾದಲ್ಲಿ ತ್ರಿಭುಜ ತೋರಿಸುತ್ತಿದ್ದೆ. ಒಂದು ಶೃಂಗ ಹಿಡಿದು ಎಳೆದರೆ ಮೂರೂ ಕೋನ ಬದಲಾಗುತ್ತವೆ, ಮೊತ್ತ ಮಾತ್ರ ಬದಲಾಗುವುದಿಲ್ಲ, ಗೊತ್ತಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬನಿದ್ದ. ವರ್ಷವಿಡೀ ಬಾಯಿ ಬಿಟ್ಟವನಲ್ಲ. ಅವತ್ತು ಎದ್ದು ನಿಂತು ಹೇಳಿದ: 'ಮೇಡಂ, ಕೂಡಿದರೆ 180 ಬರಲ್ಲ. 180.01 ಬರುತ್ತೆ.' ಪರದೆಯ ಮೇಲೆ 47.35, 68.21, 64.45 ಇತ್ತು. ಅವನು ನೋಟ್‌ಬುಕ್ಕಿನಲ್ಲಿ ಕೂಡಿಯೇ ಬಿಟ್ಟಿದ್ದ! ನಾನು 'ಅದು ಕಂಪ್ಯೂಟರ್ ತಪ್ಪು ಕಣೋ, ಕೂತ್ಕೋ' ಅಂದೆ. ಬೆಲ್ ಹೊಡೆಯಿತು.

ಆ 'ಕೂತ್ಕೋ' ನನ್ನನ್ನು ಒಂದು ವರ್ಷದಿಂದ ಚುಚ್ಚುತ್ತಿದೆ. ಹದಿನಾಲ್ಕು ವರ್ಷ ಕರಿಹಲಗೆಯ ಮೇಲೆ ಅದೇ ಪ್ರಮೇಯ ಬರೆದಿದ್ದೇನೆ. ಒಬ್ಬರೂ ಕೂಡಿ ನೋಡಿರಲಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ನಾನೇ ಮುಂದೆ ನಿಂತು ತೋರಿಸಲಾ, ಮಕ್ಕಳ ಕೈಗೇ ಕೊಡಲಾ? ಕೊಟ್ಟರೆ 58 ಮಕ್ಕಳನ್ನು 6 ಮಿಷನ್ನಿಗೆ ಹೇಗೆ ಹಂಚಲಿ? ಯಾವ ಪಾಠಕ್ಕೆ ಇಷ್ಟು ಒದ್ದಾಡುವುದು ಸಾರ್ಥಕ?

ಒಂದು ವಿನಂತಿ. 'ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ವಿಡಿಯೋ ತೋರಿಸಿ' ಅನ್ನಬೇಡಿ. ತೋರಿಸಿದ್ದೇನೆ. ಕತ್ತಲೆ ಕೋಣೆ, ಊಟ ಆದ ಮೇಲಿನ ಪೀರಿಯಡ್. ಅರ್ಧ ಕ್ಲಾಸು ತೂಕಡಿಸುತ್ತದೆ. ನಾನೂ.

---

ಸ್ಕ್ರೂಡ್ರೈವರ್:

ಮೇಡಂ, ಪಾಠದ ವಿಷಯ ನನಗೆ ಗೊತ್ತಿಲ್ಲ. ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಓದಿದ್ದು ಸರ್ಕಾರಿ ಶಾಲೆಯಲ್ಲೇ. ನಿಮ್ಮ ಮಿಷನ್ನುಗಳ ವಿಷಯ ಮಾತ್ರ ಹೇಳುತ್ತೇನೆ.

ದಿನಾಂಕ ಮರೆಯುವ ಮಿಷನ್ನಿಗೆ ಆಗಿರುವುದು ಇಷ್ಟೇ: ಮದರ್‌ಬೋರ್ಡಿನ ಮೇಲೆ ನಾಣ್ಯದ ಹಾಗಿನ ಒಂದು ಸೆಲ್ ಇರುತ್ತದೆ, ಅದು ಸತ್ತಿದೆ. ಸಿಆರ್ 2032 ಅಂತ ಕೇಳಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಇದನ್ನು ಸಣ್ಣದು ಅಂತ ಬಿಡಬೇಡಿ. ದಿನಾಂಕ ತಪ್ಪಿದ್ದರೆ ಬ್ರೌಸರ್ ಅರ್ಧಕ್ಕರ್ಧ ವೆಬ್‌ಸೈಟ್ ತೆರೆಯುವುದೇ ಇಲ್ಲ, ಸುರಕ್ಷಿತವಲ್ಲ ಅಂತ ಎಚ್ಚರಿಕೆ ಕೊಡುತ್ತದೆ. ಜನ ನೆಟ್ಟನ್ನು ಬೈಯುತ್ತಾರೆ.

ಬೀಪ್ ಹೊಡೆದು ಪರದೆ ಕಪ್ಪಾಗಿರುವ ಎರಡಕ್ಕೆ ಬಹುಪಾಲು ರ‍್ಯಾಮ್ ತೊಂದರೆ. ಪ್ಲಗ್ ತೆಗೆಯಿರಿ, ಡಬ್ಬಿ ಬಿಚ್ಚಿ, ರ‍್ಯಾಮ್ ಪಟ್ಟಿ ಹೊರಗೆ ತೆಗೆದು ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಪುಡಿ ಒರೆಸಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ನನ್ನ ಅಂಗಡಿಗೆ ಬರುವ ಹಳೇ ಮಿಷನ್ನುಗಳಲ್ಲಿ ಎಷ್ಟೋ ಇದರಿಂದಲೇ ಎದ್ದು ಕೂರುತ್ತವೆ. ಗಿರಾಕಿ ಎದುರು ಮಾತ್ರ ಮಾಡುವುದಿಲ್ಲ, ದುಡ್ಡು ಕೊಡುವುದಿಲ್ಲ ಆಮೇಲೆ.

ಜಿಯೋಜಿಬ್ರಾಗೆ ನೆಟ್ ಬೇಡ. ಕ್ಲಾಸಿಕ್ 5 ಅನ್ನುವ ಆವೃತ್ತಿ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದು ಇನ್‌ಸ್ಟಾಲ್ ಮಾಡಿ, ಹಳೇ ಮಿಷನ್ನಿನಲ್ಲೂ ಓಡುತ್ತದೆ.

ಇನ್ನೊಂದು. ಮಕ್ಕಳಿಗೆ ಕನ್ನಡ ಟೈಪಿಂಗ್ ಕಲಿಸುವುದಾದರೆ ಹಳೇ ನುಡಿ ಫಾಂಟಿನಲ್ಲಿ ಕಲಿಸಬೇಡಿ, ಯೂನಿಕೋಡಿನಲ್ಲೇ ಶುರು ಮಾಡಿಸಿ. ಕೀಲಿಗಳು ಅವೇ, ಕೆ.ಪಿ. ರಾವ್ ಅವರ ವಿನ್ಯಾಸ. ಉಬುಂಟುವಿನಲ್ಲಿ ಕೆಜಿಪಿ ಅಂತ ಹುಡುಕಿ. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು. ಹಳೇ ಫಾಂಟಿನಲ್ಲಿ ಟೈಪಿಸಿದ ಪ್ರಶ್ನೆಪತ್ರಿಕೆ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಮಂತ್ರದ ಥರ ಕಾಣುತ್ತದೆ. ಅದನ್ನು ಸರಿಮಾಡಿಕೊಡಿ ಅಂತ ಬರುವ ಮೇಷ್ಟರುಗಳು ನನ್ನ ಖಾಯಂ ಗಿರಾಕಿಗಳು.

---

ಗಡಿನಾಡ ಮಾಷ್:

ಟೀಚರ್, ನಾನು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯವನು. ನಾವು ಕೇರಳದ ಪಠ್ಯಕ್ರಮದವರು. ಇಲ್ಲಿ ಐಟಿ ಅಂದರೆ ಬಿಡುವಿದ್ದಾಗ ನೋಡಿಕೊಳ್ಳುವ ಸಂಗತಿ ಅಲ್ಲ, ಎಸ್‌ಎಸ್‌ಎಲ್‌ಸಿಗೆ ಒಂದು ವಿಷಯವೇ. ಪುಸ್ತಕ ಕನ್ನಡದಲ್ಲೂ ಇದೆ. ಪರೀಕ್ಷೆಯನ್ನು ಮಕ್ಕಳು ಕಂಪ್ಯೂಟರಿನ ಮುಂದೆ ಕೂತೇ ಬರೆಯುತ್ತಾರೆ. ಐಟಿ ಅಟ್ ಸ್ಕೂಲ್ ಅಂತ 2001ರಲ್ಲಿ ಶುರುವಾದದ್ದು 2017ರಲ್ಲಿ ಕೈಟ್ ಅನ್ನುವ ಸಂಸ್ಥೆಯಾಯಿತು. ಎಲ್ಲ ಶಾಲೆಗೂ ಒಂದೇ ಲಿನಕ್ಸ್. ಜಿಯೋಜಿಬ್ರಾ, ಇಂಕ್‌ಸ್ಕೇಪ್, ಪೈಥಾನ್ ಅದರೊಳಗೇ ಬರುತ್ತವೆ. ಸಾಫ್ಟ್‌ವೇರಿಗೆ ಲೈಸೆನ್ಸ್ ದುಡ್ಡು ಎಲ್ಲಿಂದ ಅನ್ನುವ ಮಾತೇ ಹುಟ್ಟುವುದಿಲ್ಲ.

ಕೇಳಿ ಹೊಟ್ಟೆಕಿಚ್ಚು ಪಡಬೇಡಿ. ಪರೀಕ್ಷೆ ಅಂತ ಆದ ಮೇಲೆ ಏನಾಗುತ್ತದೆ ಗೊತ್ತಲ್ಲ. ನಮ್ಮಲ್ಲಿ ಕೆಲವು ಮಕ್ಕಳು 'ಮೂರನೇ ಮೆನು, ಐದನೇದು, ಓಕೆ' ಅಂತ ಬಾಯಿಪಾಠ ಮಾಡುತ್ತಾರೆ. ಮಗ್ಗಿ ಉರು ಹೊಡೆದ ಹಾಗೆ. ಅದು ಕಂಪ್ಯೂಟರ್ ಕಲಿತದ್ದೂ ಅಲ್ಲ, ಗಣಿತ ಕಲಿತದ್ದೂ ಅಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಕ್ಕಳ ಕೈಗೇ ಕೊಡಿ. ಒಂದು ಮಿಷನ್ನಿಗೆ ಮೂವರು ಚೆನ್ನಾಗಿ ಕೂರುತ್ತಾರೆ, ಒಂದು ಕಟ್ಟುನಿಟ್ಟು ಇದ್ದರೆ. ನಾನು ಅದಕ್ಕೆ 'ಕೈ, ಬಾಯಿ, ಪೆನ್ನು' ಅನ್ನುತ್ತೇನೆ. ಮೌಸ್ ಹಿಡಿದವನು ಕೈ, ಅವನು ಮಾತಾಡುವ ಹಾಗಿಲ್ಲ. ಪಕ್ಕದವನು ಬಾಯಿ, ಏನು ಮಾಡಬೇಕೆಂದು ಹೇಳುವವನು, ಅವನು ಮೌಸ್ ಮುಟ್ಟುವ ಹಾಗಿಲ್ಲ. ಮೂರನೆಯವನು ಕಂಡ ಸಂಖ್ಯೆಗಳನ್ನು ಬರೆಯುತ್ತಾನೆ. ಏಳು ನಿಮಿಷಕ್ಕೊಮ್ಮೆ ಜಾಗ ಬದಲು. ಈ ಕಟ್ಟು ಇಲ್ಲದಿದ್ದರೆ ಮನೆಯಲ್ಲಿ ಕಂಪ್ಯೂಟರ್ ಇರುವ ಒಬ್ಬನೇ ಇಡೀ ಪೀರಿಯಡ್ ಮೌಸ್ ಹಿಡಿದು ಕೂರುತ್ತಾನೆ. ಹುಡುಗಿಯರು ಸುಮ್ನೆ ನೋಡುತ್ತಾ ನಿಲ್ಲುತ್ತಾರೆ. ಇದನ್ನು ಸಾವಿರ ಸಲ ನೋಡಿದ್ದೇನೆ.

ಆನ್ ಮಾಡುವ 12 ನಿಮಿಷ ಉಳಿಸಬೇಕಾ? ನಾಲ್ಕು ಮಕ್ಕಳನ್ನು ಅದಕ್ಕೇ ಇಡಿ. ನಮ್ಮಲ್ಲಿ 2018ರಿಂದ ಲಿಟಲ್ ಕೈಟ್ಸ್ ಅಂತ ಐಟಿ ಕ್ಲಬ್ಬುಗಳಿವೆ. ಪ್ರೊಜೆಕ್ಟರ್ ಜೋಡಿಸುವುದು, ಸಣ್ಣಪುಟ್ಟ ರಿಪೇರಿ ಎಲ್ಲ ಅವರದೇ. ನಿಮ್ಮಲ್ಲಿ ಹೆಸರು ಬೇಡ, ನಾಲ್ವರು ಸಾಕು. ಮುಂಚಿನ ಪೀರಿಯಡ್ ಮುಗಿಯುವ ಐದು ನಿಮಿಷ ಮೊದಲು ಅವರು ಹೋಗಿ ಆನ್ ಮಾಡಿಟ್ಟಿರಲಿ. ರ‍್ಯಾಮ್ ಉಜ್ಜುವ ಕೆಲಸವನ್ನೂ ಅವರಿಗೇ ಹೇಳಿಕೊಡಿ, ನೀವು ಪಕ್ಕದಲ್ಲಿ ನಿಂತು.

ಪಾಠದ ಮಟ್ಟಿಗೆ ಒಂದೇ ಹೇಳುತ್ತೇನೆ. ಹತ್ತನೇ ಕ್ಲಾಸಿನಲ್ಲಿ ಬಹುಪದೋಕ್ತಿಯ ಶೂನ್ಯತೆಗಳು ಇವೆಯಲ್ಲ, ಅಲ್ಲಿ ಎ, ಬಿ, ಸಿಗಳಿಗೆ ಸ್ಲೈಡರ್ ಹಾಕಿ ವರ್ಗ ಬಹುಪದೋಕ್ತಿಯ ನಕ್ಷೆ ಬಿಡಿಸಿರಿ. ಎ ಋಣ ಆದರೆ ಬೋಗುಣಿ ಕವುಚಿ ಬೀಳುತ್ತದೆ, ಸಿ ಎಳೆದರೆ ಮೇಲೆ ಕೆಳಗೆ ಹೋಗುತ್ತದೆ. ಇವೆರಡು ಮಕ್ಕಳಿಗೆ ಬೇಗ ಸಿಗುತ್ತವೆ. ಬಿ ಎಳೆದರೆ ಏನಾಗುತ್ತದೆ ಅಂತ ಕೇಳಿ. 'ಪಕ್ಕಕ್ಕೆ ಹೋಗುತ್ತದೆ' ಅನ್ನುತ್ತಾರೆ. ಶೃಂಗಬಿಂದುವಿಗೆ ಟ್ರೇಸ್ (ಹೋದ ದಾರಿಯ ಗುರುತು ಉಳಿಸುವುದು) ಹಾಕಿ ಎಳೆಯಲು ಹೇಳಿ. ಅದು ಸೀದಾ ಪಕ್ಕಕ್ಕೆ ಹೋಗುವುದಿಲ್ಲ, ಹೋಗುತ್ತಾ ಹೋಗುತ್ತಾ ತಾನೇ ಇನ್ನೊಂದು ಕವುಚಿದ ಬೋಗುಣಿ ಬರೆಯುತ್ತದೆ. ಹಲಗೆಯ ಮೇಲೆ ಇದನ್ನು ತೋರಿಸಲು ನನ್ನಿಂದ ಯಾವತ್ತೂ ಆಗಿಲ್ಲ.

---

ಹತ್ತನೇ ಕ್ಲಾಸ್ ಅಪ್ಪ:

ಬೇಜಾರಾಗಬೇಡಿ ಮೇಡಂ, ಒಂದು ಮಾತು. ನನ್ನ ಮಗ ಮನೆಯಲ್ಲಿ ಇಡೀ ದಿನ ಫೋನು ಹಿಡಿದಿರುತ್ತಾನೆ. ಶಾಲೆಯಲ್ಲಾದರೂ ಪರದೆ ಬೇಡ ಅನ್ನಿಸುತ್ತದೆ. ಎಸ್‌ಎಸ್‌ಎಲ್‌ಸಿ ಬರೆಯುವುದು ಪೆನ್ನಿನಲ್ಲಿ. ಸ್ಪರ್ಶಕ ಎಳೆಯಬೇಕಾದದ್ದು ಕೈವಾರದಲ್ಲಿ. ಮೌಸ್ ಎಳೆದವನಿಗೆ ಮಾರ್ಕ್ಸ್ ಕೊಡ್ತಾರಾ?

---

ಕರಿಹಲಗೆ:

ಕೊಡೋಲ್ಲ ಸರ್. ಕೈವಾರ, ಕೋನಮಾಪಕ ನಾನೂ ಬಿಡುವವಳಲ್ಲ. ಒಂದು ಸಂಗತಿ ಮಾತ್ರ ನೋಡಿ. ಕೈವಾರದಲ್ಲಿ ಒಂದು ಪೀರಿಯಡ್ಡಿಗೆ ಎರಡು ವೃತ್ತಕ್ಕೆ ಸ್ಪರ್ಶಕ ಎಳೆಯಬಹುದು. ಎರಡು ಚಿತ್ರದಲ್ಲಿ ಎರಡೂ ಸ್ಪರ್ಶಕದ ಉದ್ದ ಸಮ ಬಂದರೆ ಮಗು 'ಹೌದು, ಮೇಡಂ ಹೇಳಿದ್ದು' ಅನ್ನುತ್ತದೆ. ಬಿಂದುವನ್ನು ಹಿಡಿದು ಎಲ್ಲೆಲ್ಲೋ ಓಡಾಡಿಸಿದರೂ ಸಮವೇ ಇದ್ದರೆ 'ಯಾಕೆ?' ಅನ್ನುತ್ತದೆ. ಯಾಕೆ ಅಂದ ಮೇಲೆ ಹಲಗೆಗೆ ವಾಪಸ್ ಬರಲೇಬೇಕು. ನನಗೆ ಬೇಕಾಗಿರುವುದು ಆ ಐದು ನಿಮಿಷ ಅಷ್ಟೇ, ಇಡೀ ವರ್ಷ ಲ್ಯಾಬಿನಲ್ಲಿ ಕೂರಿಸುವುದಲ್ಲ.

ಸ್ಕ್ರೂಡ್ರೈವರ್ ಅವರೆ, ರಬ್ಬರ್ ಉಜ್ಜಿದೆವು. ಎರಡರಲ್ಲಿ ಒಂದು ಎದ್ದಿತು! ಮಕ್ಕಳು ಚಪ್ಪಾಳೆ ಹೊಡೆದದ್ದಕ್ಕೆ ಎಚ್‌ಎಂ ಸರ್ ಓಡಿ ಬಂದರು, ಏನೋ ಒಡೆಯಿತು ಅಂತ.

---

ತಂತಿ-ಬಲ್ಬು:

ನೋಡ್ರಿ ಮೇಡಂ, ನಾನು ಧಾರವಾಡ ಕಡೆಯ ವಿಜ್ಞಾನ ಮಾಸ್ತರ, ರಿಟೈರ್ ಆಗಿದ್ದೇನೆ. ತಡವಾಗಿ ಬರೆಯುತ್ತಿದ್ದೇನೆ.

ಮೊದಲು ಆ 180.01. ಅವನಿಗೆ ಉತ್ತರ ಕೊಟ್ಟಿರೋ ಇಲ್ಲವೋ? ಅದು ಕಂಪ್ಯೂಟರಿನ ತಪ್ಪಲ್ಲ. ಒಳಗೆ ಅದು ಬಹಳ ದಶಮಾಂಶ ಇಟ್ಟುಕೊಂಡಿರುತ್ತದೆ, ನಮಗೆ ಎರಡು ಮಾತ್ರ ತೋರಿಸುತ್ತದೆ. ಮೂರೂ ಕೋನ ಸ್ವಲ್ಪ ಸ್ವಲ್ಪ ಮೇಲಕ್ಕೆ ದುಂಡಗಾದರೆ ಕೂಡಿದಾಗ 0.01 ಜಾಸ್ತಿ ಬರುತ್ತದೆ. ಆಪ್ಷನ್ಸ್ ಒಳಗೆ ರೌಂಡಿಂಗ್ ಅಂತ ಇದೆ, ಐದು ದಶಮಾಂಶ ಮಾಡಿ ಅವನ ಕೈಯಿಂದಲೇ ಮತ್ತೆ ಕೂಡಿಸಿರಿ. ಈಗ ಹತ್ತನೇ ಕ್ಲಾಸಿನಲ್ಲಿ ಇರಬೇಕಲ್ಲ ಹುಡುಗ? ಕರೆದು ಹೇಳ್ರಿ. ಒಂದು ವರ್ಷ ತಡ ಆದರೂ ಅಡ್ಡಿಯಿಲ್ಲ.

ಎರಡನೆಯದು, ಕಂಪ್ಯೂಟರ್ ನಂಬಿ ನಾನು ಒಮ್ಮೆ ಬಿದ್ದ ಕಥೆ. ಫೆಟ್ ಅಂತ ಇದೆ, ಪರದೆಯ ಮೇಲೆ ವಿಜ್ಞಾನದ ಪ್ರಯೋಗ ಮಾಡಿಸುವಂಥದ್ದು, ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರು ಮಾಡಿದ್ದು. ಪುಕ್ಕಟೆ. ಎಷ್ಟೋ ಪ್ರಯೋಗಗಳನ್ನು ಒಂದೊಂದು ಕಡತವಾಗಿ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಅದರಲ್ಲಿ ಓಮ್‌ನ ನಿಯಮದ್ದು ಬಹಳ ಚಂದ. ರೋಧ ಹೆಚ್ಚಿಸಿದರೆ ಸೂತ್ರದಲ್ಲಿ ಆರ್ ಅಕ್ಷರ ಆನೆಯಷ್ಟು ದೊಡ್ಡದಾಗುತ್ತದೆ, ಐ ಇರುವೆ ಆಗುತ್ತದೆ. ಲೆಕ್ಕ ಬಾರದ ಮಕ್ಕಳಿಗೂ ಅರ್ಥ ಆಗಿಬಿಡುತ್ತದೆ. ವಿದ್ಯುತ್ ಮಂಡಲ ಕಟ್ಟುವ ಇನ್ನೊಂದು ಇದೆ. ಬ್ಯಾಟರಿಯ ಎರಡೂ ತುದಿಗೆ ಬರೀ ತಂತಿ ಹಾಕಿದರೆ ಬೆಂಕಿ ಹತ್ತುತ್ತದೆ. ನನ್ನ ಮಕ್ಕಳು ಮೊದಲ ದಿನ ಬೆಂಕಿ ಹಚ್ಚುವುದೇ ಕೆಲಸ ಮಾಡಿಕೊಂಡರು. ನಾನು ಬಿಟ್ಟೆ. ಶಾರ್ಟ್ ಸರ್ಕ್ಯೂಟ್ ಏನೆಂದು ಮತ್ತೆ ಹೇಳಬೇಕಾಗಲಿಲ್ಲ.

ಅದರ ಮರುವಾರ ನಿಜವಾದ ಸೆಲ್, ಬಲ್ಬು, ತಂತಿ ಕೊಟ್ಟೆ. ಒಂದು ಗುಂಪಿನದೂ ಹತ್ತಲಿಲ್ಲ! ನೋಡಿದರೆ ತಂತಿಯ ಮೇಲಿನ ಪ್ಲಾಸ್ಟಿಕ್ ಸುಲಿದೇ ಇಲ್ಲ, ಹಾಗೇ ತಾಗಿಸಿಕೊಂಡು ಕುಳಿತಿದ್ದಾರೆ. ಪರದೆಯ ಮೇಲೆ ತುದಿಗೆ ತುದಿ ತಂದರೆ ಸಾಕು, ತಾನೇ ಅಂಟಿಕೊಳ್ಳುತ್ತದೆ. ಅಲ್ಲಿಯ ತಂತಿಗೆ ಸಿಪ್ಪೆ ಇಲ್ಲ, ಸೆಲ್ಲು ಜಂಗು ಹಿಡಿಯುವುದಿಲ್ಲ, ಬಲ್ಬಿನ ಹೋಲ್ಡರ್ ಸಡಿಲ ಆಗುವುದಿಲ್ಲ. ಆಮೇಲಿಂದ ನಾನು ಮೊದಲು ಕೈಯಲ್ಲಿ ಮಾಡಿಸಿ, ಒದ್ದಾಡಿಸಿ, ನಂತರ ಕಂಪ್ಯೂಟರಿಗೆ ಕರೆದುಕೊಂಡು ಹೋಗುತ್ತಿದ್ದೆ. ಗಣಿತಕ್ಕೂ ಹಾಗೆಯೇ ಅನ್ನಿಸುತ್ತದೆ. ಮೊದಲು ಕಾಗದದ ತ್ರಿಭುಜ ಹರಿದು ಮೂರು ಮೂಲೆ ಜೋಡಿಸಲಿ, ಆಮೇಲೆ ಮೌಸ್.

---

ಕರಿಹಲಗೆ (ಮೂರು ವಾರದ ನಂತರ):

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳುತ್ತೇನೆ.

ಈಗ 7 ಮಿಷನ್ ಓಡುತ್ತಿವೆ. ದಿನಾಂಕದ ಸೆಲ್ ಹಾಕಿಸಿದೆವು. ಪಿಇ ಸರ್ ಹತ್ತಿರ ಮಾತಾಡಿ ಒಪ್ಪಂದ ಮಾಡಿಕೊಂಡೆ. ವಾರಕ್ಕೆ ಎರಡು ದಿನ ಅರ್ಧ ಕ್ಲಾಸು ಅವರ ಜೊತೆ ಮೈದಾನಕ್ಕೆ, ಅರ್ಧ ನನ್ನ ಜೊತೆ ಲ್ಯಾಬಿಗೆ, ಇನ್ನೊಂದು ದಿನ ಅದಲು ಬದಲು. 29 ಮಕ್ಕಳು, ಮಿಷನ್ನಿಗೆ ನಾಲ್ವರು, ಒಂದರಲ್ಲಿ ಐವರು. ಕೈ, ಬಾಯಿ, ಪೆನ್ನು ಆದ ಮೇಲೆ ಉಳಿದವರಿಗೆ ಕಣ್ಣು ಅಂತ ಹೆಸರಿಟ್ಟೆವು. ತಪ್ಪು ಹಿಡಿಯುವುದು ಅವರ ಕೆಲಸ. ಎಲ್ಲರಿಗೂ ಕಣ್ಣೇ ಆಗಬೇಕಂತೆ.

ಆ ಹುಡುಗನನ್ನು ಕರೆದೆ. ಐದು ದಶಮಾಂಶ ಮಾಡಿ ಕೊಟ್ಟೆ. ಕೂಡಿ ನೋಡಿದ. 180.00001 ಬಂತು. ನಕ್ಕ. 'ಇನ್ನೂ ಜಾಸ್ತಿ ಮಾಡಿದರೆ ಇನ್ನೂ ಹತ್ತಿರ ಬರುತ್ತೆ, ಆದ್ರೂ ಸರಿಯಾಗಿ ಬರದೇ ಇರಬಹುದು ಅಲ್ವಾ ಮೇಡಂ' ಅಂದ. ಅಲ್ವಾ ಅಂದೆ. ಕೂತ್ಕೋ ಅನ್ನಲಿಲ್ಲ.

ಒಂಬತ್ತನೇ ಕ್ಲಾಸಿನದು ಬೇರೆಯೇ ಕಥೆ. ಕಾಗದ ಹರಿದು ಜೋಡಿಸಿದ ಮೇಲೆ ಲ್ಯಾಬಿಗೆ ಹೋದೆವು. ಮೂರು ಬಿಂದು ಒತ್ತಿ ಕೋನ ಅಳೆಯಲು ಹೇಳಿದೆ. ನಾಲ್ಕು ಗುಂಪಿಗೆ ಮೊತ್ತ 180 ಬಂತು. ಮೂರು ಗುಂಪಿಗೆ 900! ನನಗೇ ಗಾಬರಿ. ಮಿಷನ್ ಕೆಟ್ಟಿದೆ ಅನ್ನೋಣ ಅಂತ ಬಾಯಿಗೆ ಬಂತು, ಹೋದ ವರ್ಷದ್ದು ನೆನಪಾಗಿ ಸುಮ್ಮನಾದೆ. 'ಯಾಕೆ ಅಂತ ನೀವೇ ಹುಡುಕಿ' ಅಂದು ಕಿಟಕಿಯ ಹತ್ತಿರ ಹೋಗಿ ನಿಂತೆ. ನಿಜ ಹೇಳಬೇಕೆಂದರೆ ನಾನೂ ಹುಡುಕುತ್ತಿದ್ದೆ.

ಒಬ್ಬ ಹುಡುಗಿ, ಆಗ ಅವಳು ಕಣ್ಣು, ಎರಡು ಮಿಷನ್ ನಡುವೆ ಓಡಾಡಿ ಹೇಳಿದಳು: 'ಮೇಡಂ, ಇವರು ದೇವಸ್ಥಾನ ಸುತ್ತೋ ಥರ ಒತ್ತುತ್ತಾರೆ, ಅವರು ಉಲ್ಟಾ ಸುತ್ತುತ್ತಾರೆ.' ಹೌದು! ಪ್ರದಕ್ಷಿಣೆಯಾಗಿ ಒತ್ತಿದರೆ ಒಳಗಿನ ಕೋನ ಕೊಡುತ್ತದೆ. ಅಪ್ರದಕ್ಷಿಣೆ ಒತ್ತಿದರೆ ಹೊರಗಿನಿಂದ ಸುತ್ತಿ ಬಂದು 360ರಲ್ಲಿ ಉಳಿದದ್ದನ್ನು ಕೊಡುತ್ತದೆ. ಮೂರು 360 ಅಂದರೆ 1080, ಅದರಲ್ಲಿ 180 ಕಳೆದರೆ 900. ಇದನ್ನು ನಾನು ಹೇಳಲಿಲ್ಲ, ಅವರೇ ಲೆಕ್ಕ ಹಾಕಿದರು. ಚತುರ್ಭುಜಕ್ಕೆ ಉಲ್ಟಾ ಸುತ್ತಿದರೆ 1080 ಬಂತು. ಪಂಚಭುಜಕ್ಕೆ ಹೋಗುವಷ್ಟರಲ್ಲಿ ಕರೆಂಟು ಹೋಯಿತು, ಯುಪಿಎಸ್ ಅಳಲು ಶುರು ಮಾಡಿತು. ಮಕ್ಕಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು 1260 ಅಂದರು. ಮರುದಿನ ಎರಡನೇ ತಂಡ ಅಳೆದು ನೋಡಿತು. 1260ವೇ.

ಎಚ್‌ಎಂ ಸರ್ ಈಗ ಕೀಲಿ ನನ್ನ ಹತ್ತಿರವೇ ಬಿಟ್ಟಿದ್ದಾರೆ. ಚಪ್ಪಲಿ ವಿಷಯದಲ್ಲಿ ಮಾತ್ರ ಬಗ್ಗಿಲ್ಲ.

ಈಗ ಹೊಸ ತಾಪತ್ರಯ. ನಿನ್ನೆ ಒಂದು ಗುಂಪು ಸರಿಯಾದ ಕ್ರಮದಲ್ಲೇ ಚತುರ್ಭುಜದ ಕೋನ ಅಳೆದು 360 ತಂದುಕೊಂಡಿತು. ಆಮೇಲೆ ಒಂದು ಶೃಂಗವನ್ನು ಒಳಕ್ಕೆ ಎಳೆದರು. ಬಾಣದ ತುದಿಯ ಆಕಾರ ಆಯಿತು, ಆದರೂ 360. ಇನ್ನೂ ಎಳೆದು ಎದುರಿನ ಗೆರೆ ದಾಟಿಸಿದರು. ಆಕಾರ ಗಂಟು ಹಾಕಿದ ರಿಬ್ಬನ್ನಿನ ಹಾಗೆ ಆಗಿ, ಮೊತ್ತ ಒಮ್ಮೆಲೇ 720 ಆಗಿ ಕೂತಿತು. ಗಂಟು ಬಿಚ್ಚದ ಹಾಗೆ ಎಲ್ಲಿಗೆ ಎಳೆದರೂ 720. ನನಗೆ ಕಾಗದದ ಮೇಲೆ ಲೆಕ್ಕ ಸಿಕ್ಕಿದೆ, ಆದರೆ ಒಂಬತ್ತನೇ ಕ್ಲಾಸಿನವರಿಗೆ ಹೇಳುವ ಹಾಗೆ ಸಿಕ್ಕಿಲ್ಲ. ಮಂಗಳವಾರ ಮತ್ತೆ ಲ್ಯಾಬ್ ಇದೆ. ಮಾಷ್, ಮಾಸ್ತರೆ, ಯಾರಾದರೂ ಅಷ್ಟರೊಳಗೆ ಒಂದು ದಾರಿ ಹೇಳ್ತೀರಾ?